ಕ್ಯಾಂಪಸ್ ಎದುರಿನ ಥೀಸಿಸ್ ಅಂಗಡಿ: ಬೈಂಡಿಂಗ್‌ಗೆ ಹೋಗಿ, ಸಲಹೆಗೆ ಬೇಡ

ಡಿಟಿಪಿ, ಕಲರ್ ಪ್ರಿಂಟ್, ಬೈಂಡಿಂಗ್ ಎಲ್ಲ ಒಂದೇ ಕಡೆ ಆಗುತ್ತದೆ. ಬೈಂಡಿಂಗ್ ಗಟ್ಟಿ, ಬೆನ್ನಿನ ಮೇಲಿನ ಚಿನ್ನದ ಬಣ್ಣದ ಅಕ್ಷರ ಉಜ್ಜಿದರೂ ಹೋಗುವುದಿಲ್ಲ. ಓನರ್‌ಗೆ ಪುಟಗಳ ಕ್ರಮ ಬಾಯಿಪಾಠ. ಫೈಲ್ ತೆರೆದ ಕೂಡಲೇ "ಡಿಕ್ಲರೇಶನ್‌ಗೆ ಸಹಿ ಆಯ್ತಾ ಸಾರ್? ಪ್ಲೇಜಿಯರಿಸಂ ಸರ್ಟಿಫಿಕೇಟ್ ಎಲ್ಲಿ?" ಅಂತ ಕೇಳುತ್ತಾರೆ. ಇಲಿಗಳ ಮೇಲೆ ಕೆಲಸ ಮಾಡಿದವರಿಗೆ ಎಥಿಕ್ಸ್ ಕಮಿಟಿ ಅನುಮತಿ ಪತ್ರವನ್ನೂ ನೆನಪಿಸುತ್ತಾರೆ. ಇಷ್ಟು ಕಾಳಜಿ ಕೆಲವು ಗೈಡುಗಳಿಗೂ ಇರುವುದಿಲ್ಲ, ಬಿಡಿ.

ಆದರೆ ಪೇಪರ್ ಪಬ್ಲಿಷ್ ಆಗದೆ ಯೂನಿವರ್ಸಿಟಿ ಥೀಸಿಸ್ ತಗೊಳ್ಳೋದೇ ಇಲ್ಲ ಅಂತ ಬಂದವರಿಗೆಲ್ಲ ಹೆದರಿಸುತ್ತಾರಲ್ಲ, ಅದು ಹಳೇ ಕಥೆ. ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ ಯುಜಿಸಿಯ 2016ರ ನಿಯಮದಲ್ಲಿ ಒಂದು ಪೇಪರ್, ಎರಡು ಕಾನ್ಫರೆನ್ಸ್ ಪ್ರೆಸೆಂಟೇಶನ್ ಕಡ್ಡಾಯ ಇತ್ತು. 2022ರ ನಿಯಮದಲ್ಲಿ ಅದಿಲ್ಲ. ನಿಮ್ಮ ಯೂನಿವರ್ಸಿಟಿ ತನ್ನದೇ ಷರತ್ತು ಇಟ್ಟಿರಬಹುದು, ಅದನ್ನು ಪಿಎಚ್‌ಡಿ ಸೆಕ್ಷನ್‌ನಲ್ಲಿ ಕೇಳಿ.

ಇನ್ನು ಗೋಡೆ ಮೇಲೆ "ಸಿಮಿಲಾರಿಟಿ ಕಡಿಮೆ ಮಾಡಿಕೊಡಲಾಗುವುದು" ಅಂತ ಬೋರ್ಡ್ ಇದೆ (ಸಿಮಿಲಾರಿಟಿ ಅಂದರೆ ನಿಮ್ಮ ಬರಹ ಬೇರೆಯವರ ಬರಹಕ್ಕೆ ಎಷ್ಟು ಹೋಲುತ್ತದೆ ಅನ್ನುವ ಲೆಕ್ಕ). ಅದರ ಹತ್ತಿರವೂ ಹೋಗಬೇಡಿ. ಅವರು ಮಾಡುವುದು ಪದ ಬದಲಿಸುವುದು ಅಷ್ಟೇ. ಒಬ್ಬರ ಫೈಲ್‌ನಲ್ಲಿ ಪಾಲಿಮರೇಸ್ ಚೈನ್ ರಿಯಾಕ್ಷನ್ (ಡಿಎನ್ಎ ಪ್ರತಿ ಮಾಡುವ ವಿಧಾನ) ಹೋಗಿ ಚೈನ್ ರೆಸ್ಪಾನ್ಸ್ ಆಗಿತ್ತು! ನಮ್ಮ ಜೀವಶಾಸ್ತ್ರದಲ್ಲಿ ಜಾಸ್ತಿ ಹೊಡೆತ ಬೀಳುವುದು ಮೆಥಡ್ಸ್ ಅಧ್ಯಾಯಕ್ಕೆ. ಡಿಎನ್ಎ ತೆಗೆಯುವ ವಿಧಾನವನ್ನು ಎಲ್ಲರೂ ಹೆಚ್ಚುಕಮ್ಮಿ ಒಂದೇ ಥರ ಬರೆದಿರುತ್ತಾರೆ, ಅಲ್ವಾ? ಯುಜಿಸಿಯ 2018ರ ನಿಯಮದ ಪ್ರಕಾರ ಸಿಮಿಲಾರಿಟಿ 10%ವರೆಗೆ ಏನೂ ತೊಂದರೆ ಇಲ್ಲ, ರೆಫರೆನ್ಸ್ ಪಟ್ಟಿಯೂ ಲೆಕ್ಕಕ್ಕೆ ಬರುವುದಿಲ್ಲ. 10 ದಾಟಿ 40ರೊಳಗಿದ್ದರೆ ತಿದ್ದಿ ಮತ್ತೆ ಕೊಡಬೇಕು, 60 ದಾಟಿದರೆ ರಿಜಿಸ್ಟ್ರೇಶನ್ನೇ ರದ್ದು. ಕೂತು ನೀವೇ ತಿರುಗಿಸಿ ಬರೆಯಿರಿ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಫೋಟೋ ಪುಟಗಳಿಗೆ. ಸಾದಾ ಪೇಪರ್‌ನಲ್ಲಿ ಜೆಲ್ ಫೋಟೋದ ತೆಳು ಬ್ಯಾಂಡ್‌ಗಳು ಮಾಯ, ಫ್ಲೋರೆಸೆನ್ಸ್ ಚಿತ್ರಗಳು ಬರೀ ಕಪ್ಪು ಚೌಕ. ಕೇಳಿದರೆ "ಯಾರು ನೋಡ್ತಾರೆ ಸಾರ್" ಅಂದರು. ಎಕ್ಸಾಮಿನರ್ ನೋಡುತ್ತಾರೆ, ಮತ್ತೆ ಯಾರು? ಗ್ಲಾಸಿ ಪೇಪರ್ ಬೇಕು ಅಂತ ಹಟ ಹಿಡಿದ ಮೇಲೆ ಚೆನ್ನಾಗಿ ಬಂತು, ದುಡ್ಡು ಜಾಸ್ತಿ ಆಯಿತು. ವರ್ಡ್ ಫೈಲ್ ಅಂತೂ ಕೊಡಲೇಬೇಡಿ. ಅವರ ಕಂಪ್ಯೂಟರ್‌ನಲ್ಲಿ ಫಾಂಟ್ ಬದಲಾದರೆ ಮೈಕ್ರೋಗ್ರಾಂ ಚಿಹ್ನೆ ಸುಮ್ನೆ ಮಿಲಿಗ್ರಾಂ ಆಗಿಬಿಡಬಹುದು, ಅಂದರೆ ಇಲಿಗೆ ಕೊಟ್ಟ ಡೋಸ್ ಸಾವಿರ ಪಟ್ಟು! ಪಿಡಿಎಫ್ ಮಾಡಿಕೊಂಡೇ ಹೋಗಿ, ಸಸ್ಯ ಪ್ರಾಣಿಗಳ ವೈಜ್ಞಾನಿಕ ಹೆಸರು ಇಟಾಲಿಕ್ಸ್‌ನಲ್ಲೇ ಉಳಿದಿದೆಯಾ ಅಂತ ಒಂದು ಪ್ರತಿಯಲ್ಲಿ ನೋಡಿಕೊಳ್ಳಿ.

ಮೊದಲೇ ಹಾರ್ಡ್ ಬೈಂಡಿಂಗ್ ಮಾಡಿಸಿ ಅಂತ ಒತ್ತಾಯ ಮಾಡುತ್ತಾರೆ. ನಿಮ್ಮಲ್ಲಿ ಸಾಫ್ಟ್ ಬೈಂಡಿಂಗ್ ನಡೆಯುವುದಾದರೆ ಅಷ್ಟೇ ಸಾಕು. ಕನಿಷ್ಠ ಇಬ್ಬರು ಹೊರಗಿನ ಎಕ್ಸಾಮಿನರ್‌ಗಳ ರಿಪೋರ್ಟ್ ಬಂದು, ವೈವಾ ಮುಗಿದು, ತಿದ್ದುಪಡಿ ಆಗುವವರೆಗೆ ರಟ್ಟಿಗೆ ಯಾಕೆ ದುಡ್ಡು? ಥೀಸಿಸ್‌ಗಳ ಆನ್‌ಲೈನ್ ಭಂಡಾರ ಶೋಧಗಂಗಾಕ್ಕೆ ಬೇಕಾದ ಅಧ್ಯಾಯವಾರು ಪಿಡಿಎಫ್ ಮಾತ್ರ ಇಲ್ಲೇ ಮಾಡಿಸಿ, ಬೈಂಡಿಂಗ್ ಕೊಟ್ಟವರಿಗೆ ಅದು ಫ್ರೀ.