ಹತ್ತಡಿಯ ಸಿಟ್-ಆನ್-ಟಾಪ್ ಕಯಾಕ್: ಕೊಡಗಿನ ನೀರಿನಲ್ಲಿ ಕೆಲವು ಮಳೆಗಾಲಗಳ ನಂತರ

ಸಿಟ್-ಆನ್-ಟಾಪ್ ಎಂದರೆ ಒಳಗೆ ಕಾಲು ತೂರಿಸದೆ ಮೇಲೆಯೇ ಕೂತು ಹುಟ್ಟು ಹಾಕುವ ಕಿರುದೋಣಿ. ಇದರದ್ದು ಪಾಲಿಥಿಲೀನ್ ಮೈ, 10 ಅಡಿ ಉದ್ದ, 30 ಇಂಚು ಅಗಲ, ಸುಮಾರು 22 ಕೆಜಿ ತೂಕ, ಒಬ್ಬರಿಗೆ. ಬಳಕೆ ಹೆಚ್ಚಾಗಿ ತೋಟದ ಕೆರೆಯಲ್ಲಿ, ಆಗಾಗ ಹಾರಂಗಿ ಹಿನ್ನೀರಿನ ಅಂಚಿನಲ್ಲಿ, ಬೇಸಿಗೆಯಲ್ಲಿ ಕಾವೇರಿಯ ನಿಂತಂತಿರುವ ಮಡುಗಳಲ್ಲಿ. ಹೊಸದಾಗಿ ಹುಟ್ಟು ಹಿಡಿಯುವವರಿಗೆ ಇದೇ ಬಗೆ ಸರಿ. ಕಾರಣ ಮಾತ್ರ ಅಂಗಡಿಯವರು ಹೇಳುವ ‘ಮಗುಚುವುದೇ ಇಲ್ಲ’ ಎಂಬುದಲ್ಲ. ಮಗುಚುತ್ತದೆ. ಮಗುಚಿದ ಮೇಲೆ ಮತ್ತೆ ಹತ್ತಲು ಬರುತ್ತದೆ ಎಂಬುದೇ ಇದರ ದೊಡ್ಡ ಗುಣ.

ಒಳಗೆ ಕಾಲು ತೂರಿಸಿ ಕೂರುವ ಸಿಟ್-ಇನ್‌ಸೈಡ್ ಮಾದರಿ ಮಗುಚಿದರೆ ನೂರು ಲೀಟರಿಗೂ ಮೀರಿ ನೀರು ತುಂಬಿಕೊಳ್ಳುತ್ತದೆ. ಅಗ್ಗದವುಗಳಲ್ಲಿ ಮುಂಭಾಗಕ್ಕೆ ನೀರು ತಡೆಯುವ ಅಡ್ಡಗೋಡೆಯೇ ಇರುವುದಿಲ್ಲ. ದಡಕ್ಕೆ ಎಳೆಯದೆ ನೀರು ಖಾಲಿ ಮಾಡುವುದು ಹೊಸಬರ ಕೈಲಾಗದ ಕೆಲಸ. ಸಿಟ್-ಆನ್-ಟಾಪ್‌ನಲ್ಲಿ ಮೈ ಮುಚ್ಚಿದ ಡಬ್ಬಿಯಂತೆ. ಮೇಲೆ ಬಿದ್ದ ನೀರು ಸ್ಕಪ್ಪರ್ ತೂತುಗಳಿಂದ (ಕೂರುವ ಜಾಗದಿಂದ ತಳದಾಚೆಗೆ ಹಾಯುವ ತೂತುಗಳು) ತಾನಾಗಿ ಇಳಿದುಹೋಗುತ್ತದೆ. ಹತ್ತುವ ಕ್ರಮ ಹೀಗೆ: ತಲೆಕೆಳಗಾದ ಕಯಾಕಿನ ಮೇಲೆ ಕೈ ಚಾಚಿ ಆಚೆ ಬದಿಯ ಅಂಚು ಹಿಡಿದು ನಿಮ್ಮ ಕಡೆಗೆ ಎಳೆದು ನೆಟ್ಟಗೆ ಮಾಡಿ. ಸೀಟಿನ ಪಕ್ಕದಲ್ಲಿ ನೀರಿನ ಮೇಲೆ ಬೋರಲು ಮಲಗಿ ಕಾಲು ಬಡಿಯುತ್ತಾ ಹೊಟ್ಟೆಯನ್ನು ಅಡ್ಡಲಾಗಿ ಮೇಲಕ್ಕೆ ಎಳೆದುಕೊಳ್ಳಿ. ಹೊರಳಿ ಸೊಂಟವನ್ನು ಸೀಟಿಗೆ ತಂದ ಮೇಲಷ್ಟೇ ಕಾಲು ಒಳಗೆ. ಮೊಣಕಾಲು ಮೊದಲು ಊರಿದವರು ಮತ್ತೆ ನೀರಿಗೇ. ಎದೆಮಟ್ಟದ ನೀರಿನಲ್ಲಿ, ಲೈಫ್ ಜಾಕೆಟ್ ಕಟ್ಟಿಕೊಂಡೇ ಕಲಿಯಬೇಕು.

ದೂರುಗಳೂ ಇವೆ. ಕೂತಲ್ಲಿ ಸದಾ ಒದ್ದೆ. ಕೊಡಗಿನ ಡಿಸೆಂಬರ್ ಬೆಳಗಿನಲ್ಲಿ ಅದು ಸಣ್ಣ ವಿಷಯವಲ್ಲ. ಸ್ಕಪ್ಪರ್ ಪ್ಲಗ್ ಹಾಕಿದರೆ ಕೆಳಗಿನಿಂದ ನೀರು ಬರದು, ಆದರೆ ಹುಟ್ಟಿನಿಂದ ತೊಟ್ಟಿಕ್ಕಿದ ನೀರು ಹೋಗಲೂ ದಾರಿಯಿಲ್ಲ. ಹತ್ತಡಿ ಉದ್ದಕ್ಕೆ ನೇರ ಓಟ ಅಷ್ಟಕ್ಕಷ್ಟೇ: ಪ್ರತಿ ಎಳೆತಕ್ಕೂ ಮೂತಿ ಆಚೀಚೆ ಆಡುತ್ತದೆ. ಹಿನ್ನೀರಿನಲ್ಲಿ ಗಾಳಿ ಎದ್ದರೆ ಹೊಸಬರು ಮುಂದೆ ಹೋಗುವುದಕ್ಕಿಂತ ಸುತ್ತುವುದೇ ಹೆಚ್ಚು. ಅದಕ್ಕೇ ಹೋಗುವಾಗ ಗಾಳಿಗೆದುರು, ಬರುವಾಗ ಗಾಳಿಯ ಜೊತೆ. ಹನ್ನೆರಡು ಅಡಿಯದು ಚೆನ್ನಾಗಿ ಓಡುತ್ತದೆ, ಒಪ್ಪಬೇಕಾದ್ದೇ. ಆದರೆ ಕಾಫಿ ಸಾಲಿನ ನಡುವೆ ಇಳಿಜಾರಿನಲ್ಲಿ ಕೆರೆಯವರೆಗೆ ಹೊತ್ತು ನೋಡಿ, ಆಮೇಲೆ ಕೊಳ್ಳಿ. ನಮ್ಮ ಕೆಂಪು ಕೆಸರಿನಲ್ಲಿ ಚಕ್ರದ ಗಾಡಿ ದಂಡ.

ತೂಕದ ಲೆಕ್ಕದಲ್ಲಿ ಹಲವರು ಎಡವುತ್ತಾರೆ. 110 ಕೆಜಿ ಎಂದು ಬರೆದಿದ್ದರೆ ಅದು ತೇಲುವ ಮಿತಿ, ಓಡುವ ಮಿತಿಯಲ್ಲ. ಓಡುವ ಮಿತಿ ಅದರ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 75 ಕೆಜಿ, ಸಾಮಾನೂ ಸೇರಿ. 80 ಕೆಜಿಯ ಆಸಾಮಿ ಕೂತರೆ ತೂತುಗಳಿಂದ ನೀರು ಮೇಲೆ ಬರುತ್ತದೆ. ಹುಟ್ಟು 230ರಿಂದ 240 ಸೆಂ.ಮೀ. ಇರಲಿ, ಜೊತೆಗೆ ಕೊಡುವ 220ರದ್ದು ಇಷ್ಟು ಅಗಲಕ್ಕೆ ಸಾಲದೆ ಬೆರಳ ಗೆಣ್ಣು ಅಂಚಿಗೆ ತಾಗುತ್ತದೆ.

ಸವೆತ ಮೊದಲು ಕಾಣುವುದು ಹಿಂಬದಿಯ ತಳದಲ್ಲಿ, ಜಲ್ಲಿಯ ಮೇಲೆ ಎಳೆದ ಕಡೆ. ಕಾಫಿಯ ಹಳೇ ಗೋಣಿ ಹಾಸಿ ಎಳೆದರೆ ಅರ್ಧ ಸವೆತ ತಪ್ಪುತ್ತದೆ. ಒಡಕು ಬಂದರೆ ಎಂ-ಸೀಲ್, ಅರಾಲ್ಡೈಟ್ ಯಾವುದೂ ನಿಲ್ಲದು. ಪಾಲಿಥಿಲೀನ್‌ಗೆ ಅಂಟು ಹಿಡಿಯುವುದಿಲ್ಲ. ಅದೇ ಪ್ಲಾಸ್ಟಿಕ್ಕಿನ ಕಡ್ಡಿಯಿಂದ ಬಿಸಿ ಬೆಸುಗೆ ಹಾಕಿಸಬೇಕು. ಸೋರುವ ಜಾಗ ಗೊತ್ತಾಗದಿದ್ದರೆ ಡ್ರೈನ್ ಪ್ಲಗ್ (ಮೈಯೊಳಗಿನ ನೀರು ಬಸಿಯುವ ತೂತಿನ ಬಿರಡೆ) ಬಿಚ್ಚಿ ಒಂದೆರಡು ಬಕೆಟ್ ನೀರು ಒಳಗೆ ಸುರಿದು, ಮತ್ತೆ ಬಿಗಿದು ಕಯಾಕನ್ನು ಓಲಾಡಿಸಿ. ಹೊರಗೆ ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲೇ. ಬಹಳ ಸಲ ಅದು ಡ್ರೈನ್ ಪ್ಲಗ್ಗಿನ ಗಟ್ಟಿಯಾದ ರಬ್ಬರ್ ವಾಷರ್ ಅಷ್ಟೇ. ಜೀಪಿನ ಮೇಲೆ ಬಿಗಿದು ಕಟ್ಟಿ ಬಿಸಿಲಲ್ಲಿ ಬಿಟ್ಟರೆ ತಳ ಒಳಕ್ಕೆ ತಗ್ಗುತ್ತದೆ. ಕಟ್ಟು ಬಿಚ್ಚಿ ಬೋರಲು ಹಾಕಿ ಬಿಸಿಲಿಗಿಟ್ಟರೆ ಬಹುತೇಕ ಮತ್ತೆ ನೆಟ್ಟಗಾಗುತ್ತದೆ.

ಮಳೆಗಾಲಕ್ಕೆ ಹ್ಯಾಚ್ (ಸಾಮಾನಿಡುವ ಕಂಡಿ) ಮುಚ್ಚಳ, ಡ್ರೈನ್ ಪ್ಲಗ್ ಎರಡನ್ನೂ ತೆಗೆದು, ಪಕ್ಕಕ್ಕೆ ವಾಲಿಸಿ, ಅಗಲ ಪಟ್ಟಿಯ ಮೇಲೆ ಶೆಡ್ಡಿನಲ್ಲಿಡಿ. ಸೀಟನ್ನು ಬಿಚ್ಚಿ ಒಣಗಿಸಿಡದಿದ್ದರೆ ಜುಲೈ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಗಾಳಿ ತುಂಬುವ ಕಯಾಕನ್ನು ಇಲ್ಲಿ ಶಿಫಾರಸು ಮಾಡದಿರಲು ಇದೇ ಕಾರಣ: ಮಡಚುವ ಮುನ್ನ ಪೂರ್ತಿ ಒಣಗಿಸುವಷ್ಟು ಬಿಸಿಲು ಸಿಕ್ಕರೆ ತಾನೆ!

ದಕ್ಷಿಣ ಕೊಡಗಿನ ರಭಸದ ಹೊಳೆ ಬರಪೊಳೆಯ ರ‍್ಯಾಫ್ಟಿಂಗ್ ನೋಡಿ ಆಸೆಪಟ್ಟು ಇದನ್ನು ಅಲ್ಲಿಗೆ ಒಯ್ಯಬೇಡಿ. ಮಳೆಗಾಲದ ಕಾವೇರಿಗೂ ಬೇಡ. ಹಿನ್ನೀರಿಗೆ ಇಳಿಯುವ ಮುನ್ನ ಅನುಮತಿ ಕೇಳಿ. ತೋಟದ ಕೆರೆಯಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಓಡುವಾಗ ನೀರು ಬೇಗ ಇಳಿದು ಮುಳುಗಿದ್ದ ಮರದ ಬುಡಗಳು ಮೇಲೆ ಬರುತ್ತವೆ. ಪಂಪಿನ ಸಕ್ಷನ್ ಪೈಪು, ಫುಟ್‌ವಾಲ್ವ್ ಇರುವ ಮೂಲೆಗೆ ಹೋಗಲೇಬೇಡಿ.