ಆ್ಯಪ್ ಇನ್ವೆಂಟರ್ ಜೊತೆ ನಾಲ್ಕು ವರ್ಷ: ಮೂರು ಬಟನ್ ಸಮ ಮಾಡಿದ ಕಥೆ

ನಾನಿರುವುದು ಹಾವೇರಿಯಲ್ಲಿ. ಬ್ಯಾಡಗಿಯಲ್ಲಿ ನಮ್ಮ ಕಾಕಾ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ಬಂದ ಚೀಲ ಎಣಿಸಲು ಅವರಿಗೊಂದು ಸಣ್ಣ ಆ್ಯಪ್ ಮಾಡಿಕೊಟ್ಟೆ, ಕೋಡ್ ಬರೆಯದೆ ಬ್ಲಾಕ್ ಜೋಡಿಸಿ ಆ್ಯಪ್ ಮಾಡಬಹುದಾದ ಎಂಐಟಿ ಆ್ಯಪ್ ಇನ್ವೆಂಟರ್‌ನಲ್ಲಿ. ನಾಲ್ಕು ವರ್ಷದಿಂದ ಅದನ್ನೇ ಬಳಸುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ, ಬ್ರೌಸರ್‌ನಲ್ಲೇ ಎಲ್ಲ ಕೆಲಸ.

ಪರದೆಯ ಮೇಲೆ ಮೂರೇ ಬಟನ್: ಕಡ್ಡಿ, ಡಬ್ಬಿ, ಗುಂಟೂರು. ಮೂರೂ ಮೆಣಸಿನಕಾಯಿ ತಳಿಗಳ ಹೆಸರು. ಚೀಲ ಇಳಿದ ಹಾಗೆ ಒತ್ತುತ್ತಾ ಹೋಗಬೇಕು. ಮೊದಲು ಅಗಲವನ್ನು ‘ಆಟೋಮ್ಯಾಟಿಕ್’ ಅಂತಲೇ ಬಿಟ್ಟಿದ್ದೆ. ಆಗ ಹೆಸರು ಎಷ್ಟುದ್ದವೋ ಬಟನ್ ಅಷ್ಟಗಲ. ಗುಂಟೂರು ಹಾಯಾಗಿ ಕೂತಿತು, ಕಡ್ಡಿ ಡಬ್ಬಿ ಎರಡೂ ಇಕ್ಕಟ್ಟಿನಲ್ಲಿ ಒಂದಕ್ಕೊಂದು ಅಂಟಿಕೊಂಡವು. ಟೆಂಡರ್ ದಿನ, ಅಂದರೆ ಮಾಲಿಗೆ ದರ ಕೂಗುವ ದಿನ, ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಫೋನ್. ಸಂಜೆ ಕಾಕಾ ಫೋನ್ ಮಾಡಿ, “ಕಡ್ಡಿ ಒತ್ತಿದ್ರ ಡಬ್ಬಿ ಬೀಳ್ತೈತಲ್ಲೋ ತಮ್ಮಾ” ಅಂದರು. ಎರಡರ ದರದ ಅಂತರ ಬಲ್ಲವರಿಗೆ ಇದು ಸಣ್ಣ ಮಾತಲ್ಲ.

ಮೂರಕ್ಕೂ ‘ಫಿಲ್ ಪೇರೆಂಟ್’ ಕೊಟ್ಟೆ, ಅಂದರೆ ಹೊರಗಿನ ಚೌಕಟ್ಟಿನ ಜಾಗವನ್ನು ತುಂಬಿಕೋ ಅಂತ. ಏನೂ ಬದಲಾಗಲಿಲ್ಲ. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಬಟನ್‌ಗಳು ಕೂತಿರುವ ‘ಹಾರಿಜಾಂಟಲ್ ಅರೇಂಜ್‌ಮೆಂಟ್’ (ಅಡ್ಡಸಾಲಾಗಿ ಜೋಡಿಸುವ ಚೌಕಟ್ಟು) ಇದೆಯಲ್ಲ, ಅದರ ಅಗಲವೂ ಆಟೋಮ್ಯಾಟಿಕ್ ಇತ್ತು. ಹೊರಗಿನ ಚೌಕಟ್ಟಿಗೇ ಅಗಲ ಗೊತ್ತಿಲ್ಲದಿದ್ದರೆ ಒಳಗಿನವು ಏನನ್ನು ಹಂಚಿಕೊಳ್ಳಬೇಕು? ಅದಕ್ಕೂ ಫಿಲ್ ಪೇರೆಂಟ್ ಕೊಟ್ಟೆ. ಮೂರೂ ಸಮನಾಗಿ ಕೂತವು. ಮಾಡುತ್ತಿರುವ ಆ್ಯಪನ್ನು ಫೋನಿನಲ್ಲಿ ಆಗಿಂದಾಗಲೇ ತೋರಿಸುವ ಕಂಪ್ಯಾನಿಯನ್ ಆ್ಯಪ್ ಜೋಡಿಸಿದ್ದರಿಂದ ಬದಲಾವಣೆ ಫೋನಿನಲ್ಲಿ ಆಗಲೇ ಕಂಡಿತು. ಈ ಸೌಕರ್ಯಕ್ಕೇ ನಾನು ಬೇರೆ ಕಡೆ ಹೋಗಿಲ್ಲ.

ಅಗಲವನ್ನು ಶೇಕಡಾದಲ್ಲೂ ಕೊಡಬಹುದು. ಆದರೆ ಅದು ಇಡೀ ಪರದೆಯ ಲೆಕ್ಕ, ಚೌಕಟ್ಟಿನದಲ್ಲ. ಅರ್ಧ ಪರದೆಯ ಚೌಕಟ್ಟಿನೊಳಗೆ ಮೂರು ಬಟನ್‌ಗೂ 33 ಹಾಕಿದರೆ ಮೂರನೆಯದಕ್ಕೆ ಜಾಗವೇ ಇರುವುದಿಲ್ಲ. ‘ಟೇಬಲ್ ಅರೇಂಜ್‌ಮೆಂಟ್’ (ಸಾಲು, ಕಾಲಮ್ಮುಗಳಲ್ಲಿ ಜೋಡಿಸುವ ಚೌಕಟ್ಟು) ನೋಡಿ ಆಸೆ ಪಡಬೇಡಿ. ಅಲ್ಲಿ ಪ್ರತಿ ಕಾಲಮ್ಮಿನ ಅಗಲ ಅದರೊಳಗಿನ ದೊಡ್ಡ ಬಟನ್‌ನಷ್ಟು.

ಕನ್ನಡದಲ್ಲಿ ಹೆಸರು ಹಾಕುವವರು ಎತ್ತರವನ್ನೂ ನೋಡಿಕೊಳ್ಳಿ. ತೀರಾ ಕಡಿಮೆ ಕೊಟ್ಟರೆ ‘ಡಬ್ಬಿ’ಯ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುತ್ತದೆ. ಬೆರಳಿಗೆ ಕನಿಷ್ಠ 48 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆ) ಬೇಕು ಅನ್ನುವುದು ಆಂಡ್ರಾಯ್ಡ್‌ನ ಸಲಹೆ. ನಾನು 80 ಇಟ್ಟಿದ್ದೇನೆ. ಸಂತೆ ಗದ್ದಲದಲ್ಲಿ ಜಾಸ್ತಿ ಇದ್ದಷ್ಟೂ ಒಳ್ಳೆಯದೇ ಅಲ್ವಾ.

ಹೋದ ವರ್ಷ ಕಾಕಾ ದೊಡ್ಡ ಪರದೆಯ ಫೋನ್ ತಗೊಂಡರು. ನಾನು ಏನನ್ನೂ ಮುಟ್ಟಲಿಲ್ಲ, ಬಟನ್‌ಗಳು ಅಲ್ಲೂ ಸಮನಾಗಿಯೇ ಹಿಗ್ಗಿಕೊಂಡವು. ಈಗ ಹಸಿ ಕಾಯಿ ಚೀಲಕ್ಕೆ ಇನ್ನೊಂದು ಬಟನ್ ಬೇಕಂತೆ. ‘ಹಸಿ’ ಅಂತ ಎರಡೇ ಅಕ್ಷರ ಬರೆದು ನಾಲ್ಕನೆಯದನ್ನು ಈ ಭಾನುವಾರ ಕೂರಿಸುತ್ತೇನೆ.