ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನಿವೃತ್ತ ಜಡ್ಜ್‌ಗಳ ಮಂಡಳಿ: 5ಕ್ಕೆ 4 ಸ್ಟಾರ್

ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿ ವೋಟು ಹಾಕುವವಳಾಗಿ ಹೇಳ್ತೀನಿ, ಸರ್ಕಾರಿ ಸೇವೆ ಅಂದರೆ ಹೀಗಿರಬೇಕು. 2008ರಿಂದ 2016ರವರೆಗೆ ಇಲ್ಲಿ ಚುನಾವಣೆ, ಲಾಬಿ, ಅಧಿಕಾರಿಗಳ ನಡತೆ ಎಲ್ಲವನ್ನೂ ನೋಡಿಕೊಂಡಿದ್ದು 'ಗವರ್ನಮೆಂಟ್ ಅಕೌಂಟಬಿಲಿಟಿ ಬೋರ್ಡ್'. ಅದರಲ್ಲಿದ್ದ 6 ಸದಸ್ಯರೂ ಮಾಜಿ ಜಡ್ಜ್‌ಗಳು. ಪಕ್ಷದ ಪ್ರತಿನಿಧಿಗಳು ಯಾರೂ ಇರಲಿಲ್ಲ.

ನನ್ನ ನಂಬಿಕೆ ಗಟ್ಟಿಯಾಗಿದ್ದು 2012ರಲ್ಲಿ. ಗವರ್ನರ್ ಸ್ಕಾಟ್ ವಾಕರ್ ಅವರನ್ನು ಅವಧಿಗೆ ಮುಂಚೆಯೇ ಹುದ್ದೆಯಿಂದ ಇಳಿಸೋಕೆ ಚುನಾವಣೆ ಕೇಳುವ 'ರೀಕಾಲ್' ಅರ್ಜಿಗಳು ರಾಶಿ ರಾಶಿ ಬಂದಿದ್ದವು. ಬೇಕಿದ್ದ ಸಹಿ 5,40,208. ಬೋರ್ಡ್ ಒಪ್ಪಿದ್ದು 9 ಲಕ್ಷಕ್ಕೂ ಜಾಸ್ತಿ. ಹಾಳೆ ಹಾಳೆ ತಿರುವಿ, ಸಹಿಯ ಪಕ್ಕ ವಿಳಾಸ ಇದೆಯಾ, ತಾರೀಖು ಸರಿಯಿದೆಯಾ, ಕೆಳಗೆ ಸಹಿ ಸಂಗ್ರಹಿಸಿದವರ ದೃಢೀಕರಣ ಇದೆಯಾ ಅಂತ ಸಿಬ್ಬಂದಿ ನೋಡುತ್ತಿದ್ದರು. ಅದನ್ನು ವೆಬ್‌ಕ್ಯಾಮ್‌ನಲ್ಲಿ ಜನಕ್ಕೂ ತೋರಿಸಿದರು! ಚುನಾವಣೆಯಲ್ಲಿ ವಾಕರ್ ಗೆದ್ದರು, ಅದು ಬೇರೆ ವಿಷಯ.

ಒಂದು ಸ್ಟಾರ್ ಕಮ್ಮಿ ಯಾಕೆ? ಶಾಸನಸಭೆ ಮನಸ್ಸು ಮಾಡಿದರೆ ಮುಚ್ಚಿಬಿಡಬಹುದಾದ ವ್ಯವಸ್ಥೆ ಇದು. ಮುಚ್ಚಿಯೂ ಬಿಟ್ಟರು. ಈಗಿನ ಚುನಾವಣಾ ಆಯೋಗದಲ್ಲಿ ಎರಡೂ ಪಕ್ಷದವರು ಮೂರು-ಮೂರು ಜನ. ವೋಟು ಸಮ ಬಂದರೆ ನಿರ್ಧಾರ ಅಲ್ಲೇ ನಿಲ್ಲುತ್ತೆ, ಅಲ್ವಾ? ನನಗಂತೂ ಆ ಜಡ್ಜ್‌ಗಳೇ ವಾಪಸ್ ಬೇಕು.